ದೇವರಿಲ್ಲದವನ ಸಾಕ್ಷಿ

ಅವನ ನಿಜವಾದ ಹೆಸರು ಆ ಕಟ್ಟಡದಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಇಲ್ಲಪ್ಪ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಳಗಿನ ಪ್ರಾರ್ಥನೆಗೆ ನೆಲಮಾಳಿಗೆಗೆ ಬಾ ಎಂದು ಕಾವಲುಗಾರ ಕರೆದಿದ್ದ. ಇವನು ಬರುವುದಿಲ್ಲ ಎಂದ. ‘ಯಾಕೋ, ದೇವರನ್ನ ನಂಬಲ್ವಾ?’ ಎಂದು ಆತ ಕೇಳಿದ್ದಕ್ಕೆ ತಲೆ ಕೆರೆದುಕೊಂಡು ‘ಇಲ್ಲಪ್ಪ’ ಎಂದುಬಿಟ್ಟ. ಮಧ್ಯಾಹ್ನದೊಳಗೆ ಆ ಮಾತು ಏಳೂ ಮಹಡಿ ಹತ್ತಿ ಇಳಿದು ಅವನ ಹೆಸರಾಗಿ ಕೂತುಬಿಟ್ಟಿತು. ಆಫೀಸುಗಳ ಕೆಲವರು ಅದನ್ನು ಹೆತ್ತವರಿಟ್ಟ ಹೆಸರೆಂದೇ ತಿಳಿದು ‘ಇಲ್ಲಪ್ಪನವರೇ’ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಅವನೂ ತಿದ್ದಲು ಹೋಗಲಿಲ್ಲ.

ಅವನದು ಲಿಫ್ಟ್‌ಮ್ಯಾನ್ ಕೆಲಸ. ಲಿಫ್ಟು ಹಳೇ ಕಾಲದ್ದು. ಒಳಗೆ ಮಡಚಿಕೊಳ್ಳುವ ಕಬ್ಬಿಣದ ಜಾಲರಿ. ಹೊರಗೆ ಪ್ರತಿ ಮಹಡಿಯಲ್ಲೂ ಪಕ್ಕಕ್ಕೆ ಸರಿಯುವ ಭಾರದ ಮರದ ಬಾಗಿಲು. ಜಾಲರಿ ಎಳೆದು ಹಿತ್ತಾಳೆಯ ಹಿಡಿ ತಿರುಗಿಸಿದರೆ ಅದು ಒಮ್ಮೆ ನರಳಿ, ಆಮೇಲೆ ಹೊರಡುತ್ತಿತ್ತು. ಮೂಲೆಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಅಕ್ಕ ಹೊಲಿದುಕೊಟ್ಟ ಚಪ್ಪಟೆ ದಿಂಬು, ತಲೆಯ ಮೇಲೆ ಮಂಕು ದೀಪ. ದಿನವಿಡೀ ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತ ಅವನು ತಾನು ಮಾತ್ರ ಎಲ್ಲಿಗೂ ಹೋಗದೆ ಮೂವತ್ತು ದಾಟಿ ನಲವತ್ತರ ಹತ್ತಿರ ಬಂದಿದ್ದ. ಮದುವೆಯಾಗಿರಲಿಲ್ಲ.

ನಂಬಿಕೆ ಇಲ್ಲದ್ದಕ್ಕೆ ಅವನ ಹತ್ತಿರ ದೊಡ್ಡ ಕಥೆಯೇನೂ ಇರಲಿಲ್ಲ. ಯಾರ ಮೇಲೂ ಸಿಟ್ಟಾಗಿ ದೇವರನ್ನು ಬಿಟ್ಟವನಲ್ಲ, ಪುಸ್ತಕ ಓದಿ ಕೆಟ್ಟವನೂ ಅಲ್ಲ. ಚಿಕ್ಕಂದಿನಲ್ಲಿ ಎಲ್ಲರ ಜೊತೆ ಕಣ್ಣು ಮುಚ್ಚಿ ಕೂತಾಗ, ಬೇರೆಯವರಿಗೆ ಯಾರೋ ಎದುರಿಗಿದ್ದಾರೆ ಅನ್ನಿಸುತ್ತಿದ್ದ ಜಾಗದಲ್ಲಿ ಇವನಿಗೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಸ್ವಲ್ಪ ದಿನ ಕಾದು ನೋಡಿದ. ಯಾರೂ ಬರಲಿಲ್ಲ. ಆಮೇಲೆ ಕಣ್ಣು ಮುಚ್ಚುವುದನ್ನು ಬಿಟ್ಟ. ಅದನ್ನು ಹೇಳಿಕೊಂಡು ತಿರುಗುವ ಚಟವೂ ಅವನಿಗಿರಲಿಲ್ಲ. ಕೇಳಿದರೆ ಹೇಳುತ್ತಿದ್ದ, ಅಷ್ಟೆ.

ಅವನನ್ನು ಬೆಳೆಸಿದ್ದು ಅಕ್ಕ. ತಾಯಿ ತೀರಿಕೊಂಡಾಗ ಅವಳಿಗೇ ಇನ್ನೂ ಹುಡುಗಿಯ ವಯಸ್ಸು. ತಮ್ಮನನ್ನೂ ಕರೆದುಕೊಂಡು ಬರುತ್ತೇನೆ ಎಂಬ ಮಾತಿನ ಮೇಲೆಯೇ ಮದುವೆಗೆ ಒಪ್ಪಿದಳು. ಬಂದ ಭಾವ ಆ ಮಾತನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಮನೆಯ ಮೇಲಿನ ತಗಡಿನ ಕೋಣೆಯನ್ನು ಬಾಮೈದನಿಗೆ ಬಿಟ್ಟುಕೊಟ್ಟ. ತಾನು ಮೇಲ್ವಿಚಾರಕನಾಗಿದ್ದ ಕಟ್ಟಡದಲ್ಲೇ ಕೆಲಸವನ್ನೂ ಕೊಡಿಸಿದ. ಯಾರಿಗೆ ಕಾಯಿಲೆ ಎಂದರೂ ಆಸ್ಪತ್ರೆಯ ಬೆಂಚಿನ ಮೇಲೆ ಮೊದಲು ಹೋಗಿ ಕೂರುವವನು ಭಾವನೇ. ನೆಲಮಾಳಿಗೆಯಲ್ಲಿ ಮೋಟಾರುಗಳ ಪಕ್ಕ ಒಂದು ಚಾಪೆ ಹಾಸಿ, ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಕೂರಿಸಿಕೊಂಡು ಪ್ರಾರ್ಥನೆ ನಡೆಸುತ್ತಿದ್ದವನೂ ಅವನೇ. ಅವನ ಕಂಠ ಚೆನ್ನಾಗಿತ್ತು. ಲಿಫ್ಟು ಏರಿಳಿಯುವ ಗುಂಡಿಯೊಳಗಿಂದ ಆ ದನಿ ಮೇಲೇರಿ ಬಂದಾಗ ಇಲ್ಲಪ್ಪ ಸ್ಟೂಲಿನ ಮೇಲೆ ಕೂತೇ ಕೇಳುತ್ತಿದ್ದ. ನಂಬದಿದ್ದರೂ ಕೇಳುವುದಕ್ಕೆ ಹಿತವಾಗಿರುತ್ತಿತ್ತು.

‘ನೀನು ಕೆಳಗೆ ಬರದಿದ್ರೆ ಬೇಡ ಬಿಡು, ನಿನ್ನ ಲೆಕ್ಕದ್ದೂ ನಾನೇ ಬೇಡ್ಕೋತೀನಿ,’ ಎಂದು ಭಾವ ನಗುತ್ತಿದ್ದ.

ಐದನೇ ಮಹಡಿಯ ಬಾಗಿಲಿನ ಕೊಕ್ಕೆ ಸವೆದು ಬಹಳ ದಿನಗಳಾಗಿದ್ದವು. ಲಿಫ್ಟು ಬಂದು ನಿಂತರೆ ಮಾತ್ರ ಆ ಕೊಕ್ಕೆ ಬಾಗಿಲನ್ನು ಬಿಡಬೇಕು. ಇಲ್ಲದಿದ್ದರೆ ಎಷ್ಟು ಎಳೆದರೂ ಬಾಗಿಲು ಜಗ್ಗಬಾರದು. ಬಾಗಿಲು ಸರಿಯಿತೆಂದರೆ ಲಿಫ್ಟು ಅಲ್ಲಿದೆ ಎಂದೇ ಅರ್ಥ, ಎಲ್ಲರೂ ಹಾಗೇ ತಿಳಿದು ಕಾಲಿಡುತ್ತಿದ್ದರು. ಐದನೆಯದು ಮಾತ್ರ ಲಿಫ್ಟು ಇರಲಿ ಬಿಡಲಿ ಕೈಗೆ ಬರುತ್ತಿತ್ತು. ಇಲ್ಲಪ್ಪ ಭಾವನಿಗೆ ಹೇಳಿದ. ಭಾವ ಮಾಲೀಕರಿಗೆ ಹೇಳಿದ. ಈಗ ಬೇಡ, ಎಲ್ಲ ಸೇರಿಸಿ ಒಟ್ಟಿಗೆ ಮಾಡಿಸೋಣ ಎಂದರಂತೆ ಮಾಲೀಕರು. ಇಲ್ಲಪ್ಪ ಮತ್ತೆ ಹೇಳಿದ. ಭಾವ ಒಂದು ತಂತಿ ಸುತ್ತಿಸಿದ. ತಂತಿ ಕೆಲವು ದಿನ ಇತ್ತು, ಯಾರೋ ಬಿಚ್ಚಿದರು. ಮತ್ತೂ ಒಮ್ಮೆ ಹೇಳಿದಾಗ ಭಾವನಿಗೆ ಬೇಸರ ಬಂತು. ‘ಗೊತ್ತು ಮಾರಾಯ, ಅದೊಂದೇನಾ ನನ್ನ ತಲೆ ಮೇಲಿರೋದು?’ ಎಂದ. ಇಲ್ಲಪ್ಪ ಸುಮ್ಮನಾದ. ಲಿಫ್ಟು ಓಡಿಸುತ್ತಲೇ ಇದ್ದ.

ಮೇಲಿನ ಮಹಡಿಗಳ ನೆಲ ಒರೆಸುವ ಹೆಂಗಸನ್ನು ಎಲ್ಲರೂ ಹಾಡುಗಾರ್ತಿ ಅನ್ನುತ್ತಿದ್ದರು. ಒರೆಸುವಾಗ ತುಟಿ ತೆರೆಯದೆ ಗುನುಗುವುದು ಅವಳ ರೂಢಿ. ಗಂಡ ಇರಲಿಲ್ಲ, ಇಬ್ಬರು ಮಕ್ಕಳು ಅವಳ ತಾಯಿಯ ಹತ್ತಿರ ಬೆಳೆಯುತ್ತಿದ್ದರು. ಸಂಜೆ ಆಫೀಸುಗಳು ಮುಚ್ಚುವ ಹೊತ್ತಿಗೆ ಗಾಲಿ ಇರುವ ಬಕೆಟ್ಟನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಹಿಮ್ಮುಖವಾಗಿಯೇ ಲಿಫ್ಟಿನೊಳಗೆ ಬರುತ್ತಿದ್ದಳು. ‘ನನ್ನ ಬೆನ್ನು ನೋಡಿ ನೋಡಿ ನಿಂಗೆ ನನ್ನ ಮುಖವೇ ಮರೆತುಹೋಗಿರ್ಬೇಕು,’ ಎಂದು ತಮಾಷೆ ಮಾಡುತ್ತಿದ್ದಳು.

ಆ ಸಂಜೆ ಲಿಫ್ಟು ಕೆಳಗಿತ್ತು. ಐದನೆಯದರ ಗಂಟೆ ಬಾರಿಸಿತು. ಇಲ್ಲಪ್ಪ ಜಾಲರಿ ಎಳೆದು ಹಿಡಿಯ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಅವನ ತಲೆಯ ಮೇಲಿನ ಮಾಡು ದಡಾರೆಂದಿತು. ಲಿಫ್ಟು ಇಡಿಯಾಗಿ ಕುಸಿದು ಮತ್ತೆ ಮೇಲೆದ್ದಂತಾಯಿತು. ದೀಪ ಆರಿ ಹತ್ತಿತು. ಹಗ್ಗವೇ ಹರಿದಿರಬೇಕೆಂದುಕೊಂಡು ಅವನು ಗೋಡೆಗೆ ಅಂಟಿಕೊಂಡು ನಿಂತ. ಆಮೇಲೆ ಗಾಳಿಗೆಂದು ಕೊರೆದಿದ್ದ ತೂತುಗಳಿಂದ ಸೋಪಿನ ವಾಸನೆಯ ಬೆಚ್ಚಗಿನ ನೀರು ಅವನ ತಲೆಯ ಮೇಲೆ, ಸ್ಟೂಲಿನ ಮೇಲೆ, ದಿಂಬಿನ ಮೇಲೆ ತೊಟ್ಟಿಕ್ಕತೊಡಗಿತು. ಆಗ ಅವನಿಗೆ ತಿಳಿಯಿತು. ಮೇಲಿನಿಂದ ಕೂಗಿಲ್ಲ, ನರಳಿಕೆ ಇಲ್ಲ. ಬರೀ ನೀರು.

ಅವಳನ್ನು ಇಳಿಸಿ ಒಯ್ದ ಮೇಲೆ, ಅಧಿಕಾರಿಗಳು ಬಂದು ನೋಡುವ ಮುಂಚೆಯೇ, ಐದನೇ ಮಹಡಿಗೆ ಹೊಸ ಕೊಕ್ಕೆ ಬಂತು. ಕೂರಿಸಿದವನು ಕಟ್ಟಡದ ಎಲೆಕ್ಟ್ರೀಷಿಯನ್. ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದವನು ಭಾವ. ಇಲ್ಲಪ್ಪ ಮೆಟ್ಟಿಲಿನ ತಿರುವಿನಿಂದ ನೋಡಿದ. ಭಾವ ಹಿಡಿದ ಬೆಳಕು ಕೊಕ್ಕೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ.

ಮರುದಿನ ಚಾಪೆಯ ಮೇಲೆ ಪ್ರಾರ್ಥನೆ ನಡೆಯಿತು. ಅವತ್ತು ಇಲ್ಲಪ್ಪನನ್ನೂ ಕರೆಸಿದ್ದರು. ಸತ್ತವಳಿಗಾಗಿ ಭಾವ ಕಣ್ಣೀರು ಸುರಿಸಿ ಬೇಡಿಕೊಂಡ, ಅದರಲ್ಲಿ ನಟನೆ ಇರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಮಾಲೀಕರ ವಕೀಲರು ಹೇಳಿಕೊಟ್ಟದ್ದನ್ನು ಒಪ್ಪಿಸಿದ. ಕೊಕ್ಕೆ ಮೊದಲಿನಿಂದಲೂ ಗಟ್ಟಿಯಾಗೇ ಇತ್ತು. ಅವಳೇ ಅವಸರಕ್ಕೆ ಒರೆಸುವ ಕೋಲು ತೂರಿಸಿ ಬಾಗಿಲು ಮೀಟಿ ತೆಗೆದಳು. ಎಲ್ಲರೂ ಇದನ್ನೇ ಹೇಳಬೇಕು. ಇಲ್ಲದಿದ್ದರೆ ಕಟ್ಟಡ ಮುಚ್ಚುತ್ತಾರೆ, ಎಲ್ಲರ ಹೊಟ್ಟೆಯ ಮೇಲೂ ಕಲ್ಲು ಬೀಳುತ್ತದೆ.

ಕಾವಲುಗಾರ ತಲೆಯಾಡಿಸಿದ. ಎಲೆಕ್ಟ್ರೀಷಿಯನ್ ನೆಲ ನೋಡಿದ. ಇಲ್ಲಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಅದನ್ನು ಎಲ್ಲರೂ ಒಪ್ಪಿಗೆ ಎಂದುಕೊಂಡರು.

ಮೊದಲ ವಾರ ಅವನೂ ಹಾಗೇ ಅಂದುಕೊಂಡಿದ್ದ. ನಾನ್ಯಾಕೆ ಬಾಯಿ ಹಾಕಲಿ, ಸತ್ತವಳು ಎದ್ದು ಬರುತ್ತಾಳೆಯೇ, ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಂದು ವಾರದಲ್ಲಿ ಹಾಡುಗಾರ್ತಿಯ ತಾಯಿ ಕಟ್ಟಡಕ್ಕೆ ಬಂದಳು. ಕಾವಲುಗಾರ ಒಳಗೆ ಬಿಡಲಿಲ್ಲ. ಮುದುಕಿ ಬಾಗಿಲ ಬಳಿಯೇ ನಿಂತು, ಹೋಗಿ ಬರುವ ಒಬ್ಬೊಬ್ಬರನ್ನೂ ತಡೆದು ಒಂದೇ ಮಾತು ಕೇಳುತ್ತಿದ್ದಳು.

‘ಅವಳೇ ಮೀಟಿ ತೆಗೆದ್ಲಂತೆ, ಹೌದಾ? ಅವಳು ಹಾಗೆಲ್ಲ ಮಾಡೋಳಲ್ಲ. ಅವಸರ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಅವಳಿಗೆ. ಮಕ್ಕಳು ಕೇಳ್ತಾವೆ, ಅಮ್ಮನದೇ ತಪ್ಪಾ ಅಜ್ಜಿ ಅಂತ. ನಾನೇನು ಹೇಳ್ಲಿ?’

ಎಲ್ಲರೂ ಪಕ್ಕಕ್ಕೆ ಸರಿದು ಹೋದರು. ಇಲ್ಲಪ್ಪನೂ ಸರಿದು ಹೋದ. ಆದರೆ ಅವತ್ತು ಊಟದ ತಟ್ಟೆಯ ಮುಂದೆ ಕೂತವನು ಅರ್ಧಕ್ಕೇ ಕೈ ತೊಳೆದ.

ಊಟ ಬಿಟ್ಟು ಎದ್ದ ಬಾಮೈದನ ಹಿಂದೆಯೇ ಭಾವ ಮಹಡಿ ಹತ್ತಿ ಬಂದ. ತಗಡಿನ ಕೋಣೆಯಲ್ಲಿ ಒಂದೇ ಕುರ್ಚಿ. ಭಾವ ಕುರ್ಚಿಯಲ್ಲಿ ಕೂತ, ಇವನು ಮಂಚದ ಅಂಚಿನಲ್ಲಿ.

‘ನಿನ್ನ ಮನಸ್ಸಲ್ಲಿ ಏನೋ ನಡೀತಿದೆ,’ ಎಂದ ಭಾವ.

‘ಕೋರ್ಟಲ್ಲಿ ಕೇಳಿದ್ರೆ ಇದ್ದಿದ್ದು ಹೇಳ್ಬಿಡ್ತೀನೇನೋ ಅನ್ನಿಸ್ತಿದೆ ಭಾವ.’

ಭಾವ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ದನಿ ತಗ್ಗಿಸಿ ಹೇಳಿದ: ‘ನಾನು ತಪ್ಪು ಮಾಡಿಲ್ಲ ಅನ್ನಲ್ಲ ಕಣೋ. ಅವತ್ತಿಂದ ನಿದ್ದೆ ಮಾಡಿಲ್ಲ. ದೇವರ ಮುಂದೆ ಬಿದ್ದು ಅತ್ತಿದ್ದೀನಿ, ಬೇಡ್ಕೊಂಡಿದ್ದೀನಿ. ಅವನು ಕ್ಷಮಿಸಿದ್ದಾನೆ. ನಂಗೆ ಗೊತ್ತಾಯ್ತು. ಎದೆ ಮೇಲಿಂದ ಏನೋ ಇಳಿದ ಹಾಗಾಯ್ತು.’

‘ಬಿದ್ದಿದ್ದು ಅವನಲ್ವಲ್ಲ ಭಾವ.’

ಈ ಮಾತು ಬಾಯಿಂದ ಹೇಗೆ ಬಂತೋ ಇಲ್ಲಪ್ಪನಿಗೇ ಗೊತ್ತಾಗಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತು. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಎದ್ದು, ಕುರ್ಚಿಯನ್ನು ಗೋಡೆಗೆ ಸರಿಸಿಟ್ಟು, ಬಾಗಿಲ ಬಳಿ ನಿಂತು, ‘ನಿಮ್ಮಕ್ಕನ ಮುಖ ಒಂದ್ಸಲ ನೋಡಿ ಆಮೇಲೆ ಏನು ಬೇಕಾದ್ರೂ ಹೇಳು,’ ಎಂದು ಇಳಿದುಹೋದ.

ಸಾವಿನ ಬಗ್ಗೆ ಪೊಲೀಸರು ಮಾಲೀಕರ ಮೇಲೂ ಭಾವನ ಮೇಲೂ ಹಾಕಿದ ಕೇಸು ವಿಚಾರಣೆಗೆ ಬಂದ ಕೋರ್ಟಿನ ಕೋಣೆ ಚಿಕ್ಕದು. ಮೇಲೆ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಮೊದಲು ಕಾವಲುಗಾರ ಕಟಕಟೆ ಹತ್ತಿ, ದೇವರ ಮೇಲೆ ಪ್ರಮಾಣ ಮಾಡಿ, ಕೊಕ್ಕೆ ಗಟ್ಟಿಯಾಗಿತ್ತು ಎಂದ. ಬಾಯಿಪಾಠ ಒಪ್ಪಿಸಿದಂತೆ ಒಂದೇ ಉಸಿರಿಗೆ ಮುಗಿಸಿ ಇಳಿದ. ಆಮೇಲೆ ಎಲೆಕ್ಟ್ರೀಷಿಯನ್ ಬಂದ. ಅವನೂ ದೇವರ ಹೆಸರು ಹೇಳಿದ. ಹೇಳಿದ ಮೇಲೆ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಬಾಗಿಲು ಮೀಟಿದ ಗುರುತು ನೋಡಿದ್ದೇನೆ ಎಂದ.

ಇಲ್ಲಪ್ಪನ ಸರದಿ ಬಂತು. ಗುಮಾಸ್ತ ಪ್ರಮಾಣದ ಮಾತುಗಳನ್ನು ಅರ್ಧ ಹೇಳಿ, ಇವನು ಹಿಂದೆಯೇ ಹೇಳಲಿ ಎಂದು ಕಾದ.

‘ನನಗೆ ಇದು ಬೇಡ ಸಾರ್,’ ಎಂದ ಇಲ್ಲಪ್ಪ. ‘ದೇವರ ಹೆಸರು ಇಲ್ದೇ ಇರೋದು ಏನಾದ್ರೂ ಇದ್ಯಾ?’

ಇದೆ, ಆದರೆ ಆ ಕೋಣೆಯಲ್ಲಿ ಅದನ್ನು ಕೇಳಿದವರು ಇರಲಿಲ್ಲ. ಗುಮಾಸ್ತ ಡ್ರಾಯರು ಎಳೆದ, ಅದರ ಕೆಳಗಿನದನ್ನೂ ಎಳೆದ, ಬೆಂಚಿನ ಮೇಲಿದ್ದವರು ನಗತೊಡಗಿದರು. ಕೊನೆಗೆ ನ್ಯಾಯಾಧೀಶರೇ ನೆನಪಿನಿಂದ ಹೇಳಿಕೊಟ್ಟರು, ಮಧ್ಯೆ ಒಂದು ಕಡೆ ತಡವರಿಸಿದರು ಕೂಡ. ಇಲ್ಲಪ್ಪ ಅದನ್ನೇ ಹೇಳಿ ಮುಗಿಸಿದ. ಹಿಂದಿನ ಸಾಲಿನಲ್ಲಿ ಅಕ್ಕ ಕೂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಮಾಡುತ್ತಿದ್ದಳು. ಅವನು ಅವಳ ಮುಖ ನೋಡಿದ. ನೋಡಿದ ಮೇಲೂ ಇದ್ದದ್ದನ್ನೇ ಹೇಳಿದ. ಕೊಕ್ಕೆ ಸವೆದಿತ್ತು, ನಾನು ಭಾವನಿಗೆ ಹೇಳಿದ್ದೆ, ಭಾವ ಮಾಲೀಕರಿಗೆ ಹೇಳಿದ್ದ, ಹೊಸದನ್ನು ಹಾಕಿದ್ದು ಅವಳು ಬಿದ್ದ ಮೇಲೆ.

ಮಾಲೀಕರ ಪರ ವಕೀಲ ಎದ್ದು ನಿಂತ. ಅವನಿಗೆ ಕೊಕ್ಕೆಯ ವಿಷಯ ಬೇಕಾಗಿರಲಿಲ್ಲ.

‘ನೀವು ದೇವರನ್ನ ನಂಬಲ್ಲ.’

‘ಇಲ್ಲ.’

‘ಸತ್ತ ಮೇಲೆ ಶಿಕ್ಷೆ, ನರಕ, ಏನೂ ಇಲ್ಲ ಅಂತೀರಿ.’

‘ಇಲ್ಲ ಅಂತ್ಲೇ ಅನ್ಸುತ್ತೆ.’

‘ಅಂದ್ರೆ ಈಗ ಇಲ್ಲಿ ನಿಂತು ನೀವು ಸುಳ್ಳು ಹೇಳಿದ್ರೆ, ನಿಮಗೆ ಯಾರ ಭಯವೂ ಇಲ್ಲ.’

ಇಲ್ಲಪ್ಪ ಯೋಚಿಸಿದ. ಪ್ರಶ್ನೆ ಸರಿಯಾಗಿಯೇ ಇತ್ತು. ‘ಇಲ್ಲ,’ ಎಂದ.

‘ಹಾಗಿದ್ಮೇಲೆ ನಿಮ್ಮ ಮಾತು ಯಾಕೆ ನಂಬಬೇಕು?’

‘ನಂಬಲೇಬೇಕು ಅಂತ ನಾನು ಹೇಳ್ತಿಲ್ಲ ಸಾರ್. ಕೇಳಿದ್ರಿ, ಹೇಳ್ದೆ.’

‘ಕೊಕ್ಕೆ ಕೆಟ್ಟಿದೆ ಅಂತ ಗೊತ್ತಿದ್ದೂ ದಿನಾ ಲಿಫ್ಟು ಓಡಿಸಿದವರು ನೀವೇ ತಾನೆ?’

‘ಹೌದು, ನಾನೇ,’ ಎಂದ ಇಲ್ಲಪ್ಪ. ಅವನ ದನಿ ಅಲ್ಲಿ ಮೊದಲ ಸಲ ಒಡೆಯಿತು. ವಕೀಲ ಬೆಂಚಿನ ಕಡೆ ತಿರುಗಿ, ಇನ್ನೇನು ಬೇಕು ಎಂಬಂತೆ ಕೈ ಚೆಲ್ಲಿ ಕೂತ.

ಇಲ್ಲಪ್ಪನ ಸಾಕ್ಷಿ ಅವತ್ತು ನಿಲ್ಲಲಿಲ್ಲ. ಇಬ್ಬರು ದೇವರ ಆಣೆಯಿಟ್ಟು ಒಂದು ಹೇಳಿದ್ದರು. ಆಣೆಯನ್ನೇ ಒಲ್ಲೆನೆಂದ ಒಬ್ಬ ಇನ್ನೊಂದು ಹೇಳಿದ್ದ. ಭಾವನ ಮೇಲೆ ಅವನಿಗೆ ಏನೋ ಹಳೇ ಮುನಿಸಿದೆ, ಬಿಟ್ಟಿ ಕೋಣೆ ಬಿಡಿಸುತ್ತಾರೆಂದು ಹೀಗೆ ಮಾಡಿದ್ದಾನೆ ಎಂದೂ ಮಾತು ಹಬ್ಬಿತು. ಕೇಸನ್ನು ಗೆಲ್ಲಿಸಿದ್ದು ಇಲ್ಲಪ್ಪನಲ್ಲ, ಎಲೆಕ್ಟ್ರೀಷಿಯನ್. ಎರಡು ವಾರ ಕಳೆದ ಮೇಲೆ ಅವನು ತಾನಾಗಿಯೇ ಕೋರ್ಟಿಗೆ ಬಂದು, ಹಿಂದೆ ಹೇಳಿದ್ದು ಸುಳ್ಳು, ಕೊಕ್ಕೆ ಬದಲಿಸಿದ್ದು ನಾನೇ ಎಂದು ಅತ್ತುಬಿಟ್ಟ. ಸವೆದ ಕೊಕ್ಕೆಯನ್ನೂ ತಂದಿದ್ದ. ಎಸೆದುಬಿಡು ಎಂದಿದ್ದರಂತೆ, ಅವನಿಗೆ ಎಸೆಯಲು ಧೈರ್ಯ ಬಂದಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಇಲ್ಲಪ್ಪ ಅವನ ಪಕ್ಕ ಹೋಗಿ ಕೂತ. ಎಲೆಕ್ಟ್ರೀಷಿಯನ್ ಬೀಡಿ ತೆಗೆದು ತುಟಿಗಿಟ್ಟುಕೊಂಡ. ಇವನು ಹಚ್ಚಿಕೊಟ್ಟ.

‘ನಿನ್ನ ನೋಡಿ ಹೇಳ್ದೆ ಅಂದ್ಕೋಬೇಡ,’ ಎಂದ ಎಲೆಕ್ಟ್ರೀಷಿಯನ್. ‘ನನ್ನ ಸಣ್ಣ ಮಗಳಿಗೆ ಜ್ವರ ಬಂತು. ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೇ ಬಂತು ಅನ್ನಿಸ್ತು. ಹೆದರಿಕೆ ಆಯ್ತು. ನಿಂಗೇನಪ್ಪ, ಹೆದರಿಕೆನೇ ಇಲ್ಲ.’

‘ಜ್ವರ ಬಿಡ್ತಾ?’

‘ಬಿಡ್ತು. ಅದು ನಾನು ಇಲ್ಲಿಗೆ ಬರೋಕ್ಕೆ ಮುಂಚೇನೇ ಬಿಟ್ಟಿತ್ತು. ಆದ್ರೂ ಬಂದೆ.’

ಇಲ್ಲಪ್ಪನಿಗೆ ನಗು ಬಂತು, ಅವನಿಗೂ ಬಂತು. ಆ ಇಡೀ ಪ್ರಕರಣದಲ್ಲಿ ಅವರಿಬ್ಬರೂ ನಕ್ಕದ್ದು ಅದೊಂದೇ ಸಲ.

ತೀರ್ಪಿನಲ್ಲಿ ನ್ಯಾಯಾಧೀಶರು ಎಲೆಕ್ಟ್ರೀಷಿಯನ್‌ನ ಮಾತನ್ನು ಆಧಾರ ಮಾಡಿಕೊಂಡರು. ಆಣೆ ಮುರಿದವನ ಪಶ್ಚಾತ್ತಾಪಕ್ಕೆ ಬೆಲೆ ಕೊಡಬೇಕು ಎಂದರು. ಲಿಫ್ಟ್‌ಮ್ಯಾನ್ ಬಗ್ಗೆ, ಅಪಾಯ ಗೊತ್ತಿದ್ದೂ ಕೆಲಸ ಮುಂದುವರಿಸಿದವನು ಎಂದು ಛೀಮಾರಿ ಹಾಕಿದರು. ಸತ್ತವಳದು ತಪ್ಪಿಲ್ಲ ಎಂಬುದೊಂದು ಸ್ಪಷ್ಟವಾಗಿ ಬಂತು. ಮಾಲೀಕರು ಎಲ್ಲವನ್ನೂ ಬಾಯಲ್ಲೇ ಹೇಳಿದ್ದರಿಂದ ಅವರ ಮೇಲೆ ಏನೂ ನಿಲ್ಲಲಿಲ್ಲ; ಕೈ ತೊಳೆದುಕೊಂಡು ಹೋದರು. ಜೈಲಿಗೆ ಹೋದವನು ಭಾವ ಒಬ್ಬನೇ.

ಇಲ್ಲಪ್ಪ ಮನೆಗೆ ಬರುವಷ್ಟರಲ್ಲಿ ಅವನ ಬಟ್ಟೆ, ಹಾಸಿಗೆ, ಕ್ಷೌರದ ಡಬ್ಬಿ ಎಲ್ಲ ಮೆಟ್ಟಿಲ ಕೆಳಗಿದ್ದವು. ಅಕ್ಕ ಎಸೆದಿರಲಿಲ್ಲ. ಅಂಗಿಗಳನ್ನು ಮಡಚಿ, ಗುಂಡಿ ಕಿತ್ತುಹೋಗಿದ್ದ ಒಂದಕ್ಕೆ ಗುಂಡಿ ಹೊಲಿದು, ಒಪ್ಪವಾಗಿ ಜೋಡಿಸಿಟ್ಟಿದ್ದಳು. ಅವನು ಆ ಗುಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವಳು ಬಾಗಿಲಲ್ಲೇ ನಿಂತಿದ್ದಳು.

‘ಒಂದೇ ಒಂದು ಮಾತು ಕೇಳ್ತೀನಿ, ಹೇಳಿ ಹೋಗು,’ ಎಂದಳು. ‘ಆ ಎಲೆಕ್ಟ್ರೀಷಿಯನ್ ದೇವರಿಗೆ ಹೆದರಿ ಹೇಳ್ದ. ಸರಿ, ಅವನ್ನ ನಾನು ಬೈಯಲ್ಲ. ನಿಂಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ನೋಡೋರಿಲ್ಲ, ಕೇಳೋರಿಲ್ಲ. ಮತ್ತೆ ಯಾರಿಗೋಸ್ಕರ ಹೇಳ್ದೆ? ನಿನ್ನ ಸಾಕಿದ ಮನುಷ್ಯನ್ನ ಯಾರ ಕೈಗೆ ಕೊಟ್ಟೆ?’

ಅವನಿಗೆ ಏನೋ ನೆನಪಾಯಿತು. ಚಿಕ್ಕವನಿದ್ದಾಗ ಪಕ್ಕದ ಮನೆಯ ಕಿಟಕಿಯ ಗಾಜು ಒಡೆದು, ಬೆಕ್ಕು ಒಡೆಯಿತು ಎಂದಿದ್ದ. ಇದೇ ಅಕ್ಕ ಕಿವಿ ಹಿಂಡಿ, ಹೋಗಿ ನಿಜ ಹೇಳಿ ಬಾ ಎಂದು ನೂಕಿದ್ದಳು. ಅವರಿಗೆ ಗೊತ್ತಾಗಲ್ಲವಲ್ಲ ಎಂದು ಇವನು ಅತ್ತಾಗ, ‘ಅವರಿಗೆ ಗೊತ್ತಾಗದಿದ್ರೆ ಏನಾಯ್ತು, ಒಡೆದಿದ್ದು ನೀನಲ್ವಾ?’ ಎಂದಿದ್ದಳು. ಅವತ್ತು ಅವಳ ಬಾಯಲ್ಲಿ ದೇವರ ಮಾತೇ ಬಂದಿರಲಿಲ್ಲ. ಅದನ್ನು ಈಗ ಹೇಳಬಹುದಿತ್ತು. ಹೇಳಿದರೆ ಅವಳ ಕಪಾಳಕ್ಕೆ ಹೊಡೆದಂತೆಯೇ ಎಂದು ಅವನಿಗೆ ಗೊತ್ತಿತ್ತು.

‘ಗೊತ್ತಿಲ್ಲ ಅಕ್ಕ,’ ಎಂದ.

‘ಗೊತ್ತಿಲ್ದೇ ಮಾಡ್ದೆ,’ ಎಂದು ಅವಳು ಬಾಗಿಲು ಹಾಕಿಕೊಂಡಳು.

ಛೀಮಾರಿ ಬಿದ್ದ ಲಿಫ್ಟ್‌ಮ್ಯಾನ್‌ಗೆ ಬೇರೆ ಲಿಫ್ಟು ಯಾರು ಕೊಡುತ್ತಾರೆ? ಅವನಿಗೆ ಕೊನೆಗೆ ಸಿಕ್ಕಿದ್ದು ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ. ಉದ್ದನೆ ಬ್ರಷ್ಷು, ರಬ್ಬರ್ ಪೈಪು, ಸದಾ ಒದ್ದೆಯಾಗಿರುವ ಕಾಲು. ಸೀಟಿನ ಕೆಳಗೆ ವಾಂತಿ, ಚೂಯಿಂಗ್ ಗಮ್ಮು, ಒಂಟಿ ಚಪ್ಪಲಿ. ಡಿಪೋದ ಹಿಂದೆ ಟೈರುಗಳನ್ನು ಪೇರಿಸಿಡುವ ಕೋಣೆಯ ಪಕ್ಕ ಮಲಗಲು ಜಾಗ ಕೊಟ್ಟರು. ಅವನ ಮೈಗೆಲ್ಲ ರಬ್ಬರಿನ ವಾಸನೆ ಹತ್ತಿತು. ಅಲ್ಲಿ ಯಾರೂ ಅವನನ್ನು ಇಲ್ಲಪ್ಪ ಎಂದು ಕರೆಯಲಿಲ್ಲ. ಅಲ್ಲಿ ಯಾರೂ ಏನನ್ನೂ ಕೇಳಲಿಲ್ಲ.

ಹಾಡುಗಾರ್ತಿಯ ತಾಯಿ ಅವನನ್ನು ಹುಡುಕಿಕೊಂಡು ಅಲ್ಲಿಗೇ ಬಂದಳು. ಜೊತೆಗೆ ಮೊಮ್ಮಕ್ಕಳಿರಲಿಲ್ಲ, ಶಾಲೆಗೆ ಹೋಗಿದ್ದಾವೆ ಎಂದಳು. ನೀರು ಹರಿಯುತ್ತಿದ್ದ ಸಿಮೆಂಟು ನೆಲದ ಮೇಲೆ ಚಪ್ಪಲಿ ಜಾರದಂತೆ ಹೆಜ್ಜೆಯಿಡುತ್ತ ಬಂದು ಅವನ ಒದ್ದೆ ಕೈ ಹಿಡಿದುಕೊಂಡಳು.

‘ಮಕ್ಕಳಿಗೆ ಹೇಳ್ದೆ ಕಣಪ್ಪ, ನಿಮ್ಮಮ್ಮನದು ತಪ್ಪಿಲ್ಲ ಅಂತ ಕೋರ್ಟೇ ಹೇಳ್ತು ಅಂತ. ನಾನು ದಿನಾ ಬೇಡ್ತಿದ್ದೆ, ಯಾರ ಬಾಯಲ್ಲಾದ್ರೂ ಬಂದು ನಿಜ ಆಡಿಸಪ್ಪ ದೇವರೇ ಅಂತ. ಅವನು ನಿನ್ನ ಬಾಯಲ್ಲಿ ಬಂದು ಕೂತ. ಅವನೇ ನಿನ್ನ ಕೈಲಿ ಹೇಳಿಸಿದ್ದು, ಅಲ್ವಾ?’

ಅವಳು ಉತ್ತರಕ್ಕೆ ಕಾದಳು. ಕಣ್ಣಿನ ಪೊರೆಯ ಹಿಂದಿನಿಂದ ಅವನನ್ನೇ ನೋಡುತ್ತಿದ್ದಳು.

‘ಹೂಂ,’ ಎಂದ ಅವನು.

ಮುದುಕಿ ಸಮಾಧಾನದಿಂದ ಹೋದಳು. ಅವನು ಪೈಪು ಎತ್ತಿಕೊಂಡು ಬಸ್ಸಿನ ಗಾಲಿಗೆ ನೀರು ಬಿಡುತ್ತ ಬಹಳ ಹೊತ್ತು ಒಂದೇ ಕಡೆ ನಿಂತಿದ್ದ. ಅಕ್ಕ ಹೊರಗೆ ಹಾಕಿದಾಗಲೂ ಇಷ್ಟು ಬರಿದೆನಿಸಿರಲಿಲ್ಲ. ತಾನು ಮಾಡಿದ್ದೊಂದೇ ಒಂದು ಕೆಲಸ, ಅದನ್ನೂ ಮುದುಕಿ ಒಯ್ದು ಬೇರೆ ಯಾರದೋ ಪಾದಕ್ಕೆ ಇಟ್ಟುಬಿಟ್ಟಳು. ಇಡಲಿ ಬಿಡು, ಅವಳಿಗೆ ಅದರಿಂದ ನಿದ್ದೆ ಬರುವುದಾದರೆ ಇಡಲಿ. ಆದರೆ ಎಲ್ಲರ ಎದುರು ಬಾರದ ಸುಳ್ಳು ಈಗ ಎಷ್ಟು ಸಲೀಸಾಗಿ ಬಂತಲ್ಲ. ಅದು ತಪ್ಪೋ ಸರಿಯೋ ಎಂದು ಅವನಿಗೆ ಬಗೆಹರಿಯಲಿಲ್ಲ. ಕೇಳಿಕೊಳ್ಳುವುದಕ್ಕೂ ಯಾರೂ ಇರಲಿಲ್ಲ. ನಂಬುವವರಿಗೆ ಆ ಒಂದು ಅನುಕೂಲವಿದೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಭಾವನನ್ನು ನೋಡಲು ಅವನು ಜೈಲಿಗೆ ಹೋಗುತ್ತಿದ್ದ. ಮೊದಮೊದಲು ಭಾವ ಹೊರಗೆ ಬರಲು ಒಪ್ಪಲಿಲ್ಲ. ಕೊನೆಗೊಮ್ಮೆ ಬಂದ. ಕಂಬಿಯ ಆಚೆ ಕೂತವನು ಅರ್ಧ ಆಗಿದ್ದ, ಅಂಗಿ ಯಾರದ್ದೋ ಎನ್ನುವಂತೆ ಜೋತುಬಿದ್ದಿತ್ತು. ಒಳಗೂ ಚಾಪೆ ಹಾಸಿ ಪ್ರಾರ್ಥನೆ ಮಾಡಿಸುತ್ತಿದ್ದೀಯಾ ಎಂದು ಇವನು ಕೇಳಿದ.

‘ಮಾಡಿಸ್ತೀನಿ,’ ಎಂದ ಭಾವ. ‘ಆದ್ರೆ ಅವತ್ತು ಎದೆ ಮೇಲಿಂದ ಇಳೀತು ಅಂದ್ನಲ್ಲ, ಅದು ಮತ್ತೆ ಬಂದು ಕೂತಿದೆ. ಎಷ್ಟು ಬೇಡಿದ್ರೂ ಇಳೀತಿಲ್ಲ.’ ಎದ್ದು ಹೊರಡುವಾಗ, ‘ಅಕ್ಕನ್ನ ನೋಡ್ಕೋ,’ ಎಂದ. ಬೈಗುಳವಿಲ್ಲ, ಕ್ಷಮಿಸಿದೆ ಎಂಬ ಮಾತೂ ಇಲ್ಲ.

ಬಿಡುಗಡೆಗೆ ಇನ್ನೂ ಕೆಲವು ತಿಂಗಳಿರುವಾಗ ಭಾವ ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಎದೆಯ ಕಾಯಿಲೆ ಎಂದರು. ಮೊದಲಿನಿಂದಲೂ ಇತ್ತಂತೆ, ಹೊರಗಿದ್ದಿದ್ದರೂ ಆಗುತ್ತಿತ್ತೋ ಏನೋ, ಡಾಕ್ಟರರು ಖಚಿತವಾಗಿ ಹೇಳಲಿಲ್ಲ. ಖಚಿತವಾಗಿ ಹೇಳದೇ ಇದ್ದದ್ದೇ ಇಲ್ಲಪ್ಪನಿಗೆ ಜೀವಮಾನದ ಕೊರಗಾಯಿತು.

ಮನೆಯ ಮುಂದೆ ಜನ ಸೇರಿದ್ದರು. ಎಲೆಕ್ಟ್ರೀಷಿಯನ್ ಒಂದು ಮೂಲೆಯಲ್ಲಿ ನಿಂತು ಅಳುತ್ತಿದ್ದ. ರಸ್ತೆಯ ಆಚೆಯೇ ನಿಂತಿದ್ದ ಇಲ್ಲಪ್ಪನನ್ನು ಅಕ್ಕ ನೋಡಿದಳು. ಯಾರೂ ಅಂದುಕೊಳ್ಳದ ಹಾಗೆ ತಾನೇ ನಡೆದು ಬಂದಳು. ತೀರ್ಪಿನ ದಿನದ ನಂತರ ಅವಳು ಅವನೊಂದಿಗೆ ಮಾತಾಡಿದ್ದು ಆಗಲೇ.

‘ಒಳಗೆ ಬಾ. ಅವರ ಪಕ್ಕ ಕೂತು ಒಂದು ಸಲ ಅವರಿಗೋಸ್ಕರ ಬೇಡ್ಕೋ. ನಾನು ನಿನ್ನಿಂದ ಬೇರೇನೂ ಕೇಳಲ್ಲ.’

ಅವನು ಒಳಗೆ ಹೋದ. ಭಾವನ ಪಕ್ಕ ಮೊಣಕಾಲೂರಿ ಕೂತ. ಆ ತಣ್ಣನೆ ಕೈಯನ್ನು ಹಿಡಿದುಕೊಂಡ. ಕಣ್ಣಿನಿಂದ ನೀರು ಧಾರೆಯಾಗಿ ಹರಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಮುದುಕಿಗೆ ಹೂಂ ಎಂದ ಹಾಗೆ ಇಲ್ಲಿಯೂ ತುಟಿ ಅಲ್ಲಾಡಿಸಿಬಿಡಬಹುದಿತ್ತು. ಪ್ರಾರ್ಥನೆಯ ಮಾತುಗಳು ಅವನಿಗೆ ಬಾಯಿಪಾಠ, ಲಿಫ್ಟಿನ ಗುಂಡಿಯಿಂದ ಅಷ್ಟು ವರ್ಷ ಕೇಳಿದ್ದ. ಆದರೆ ಅವು ಭಾವನ ಮಾತುಗಳು, ಭಾವ ನಂಬಿ ಆಡಿದ ಮಾತುಗಳು. ಅವನ್ನು ಅವನ ಮುಂದೆಯೇ ಖೋಟಾ ನಾಣ್ಯದ ಹಾಗೆ ಚಲಾಯಿಸಲು ಅವನಿಂದ ಆಗಲಿಲ್ಲ.

‘ನಂಗೆ ಬರಲ್ಲ ಅಕ್ಕ,’ ಎಂದ. ‘ಅಳು ಬರುತ್ತೆ. ಅದು ಬರಲ್ಲ.’

ಅಕ್ಕ ಬಾಗಿ ಭಾವನ ಹೊದಿಕೆ ಸರಿಮಾಡಿದಳು. ‘ಸುಮ್ನೆ ಕಣ್ಣು ಮುಚ್ಚಿದ್ರೂ ಸಾಕಿತ್ತಲ್ಲೋ,’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದು ಬಂದವರ ಆಯಾಸವಿತ್ತು. ಆಮೇಲೆ ಅವಳು ಅವನ ಜೊತೆ ಮಾತಾಡಲಿಲ್ಲ, ಅವತ್ತೂ ಇಲ್ಲ, ಮುಂದೆಯೂ ಇಲ್ಲ.

ಆದರೂ ರಜೆಯ ದಿನ ಅವನು ಆ ಮನೆಗೆ ಹೋಗುತ್ತಾನೆ. ತಗಡಿನ ಕೋಣೆಯ ಮಾಡು ತುಕ್ಕು ಹಿಡಿದು ತೂತು ಬಿದ್ದಿದೆ, ಕೆಳಗಿನ ನಲ್ಲಿ ಸೋರುತ್ತದೆ, ಹಿಂದಿನ ಗೋಡೆ ಉಬ್ಬಿದೆ. ಅವನು ಬರುವ ಹೊತ್ತಿಗೆ ಅಕ್ಕ ಬಾಗಿಲ ಚಿಲಕ ತೆಗೆದು ಒಳಕೋಣೆಗೆ ಹೋಗಿರುತ್ತಾಳೆ. ಏಣಿ ಹೊರಗೆ ಗೋಡೆಗೆ ಒರಗಿಸಿರುತ್ತದೆ. ಅವನು ಏಣಿ ಹತ್ತಿ ತಗಡು ಕೂರಿಸುತ್ತಾನೆ. ಕೆಲಸ ಅರ್ಧವಾಗುವಾಗ ಒಳಗಿನಿಂದ ಅವಳ ಪ್ರಾರ್ಥನೆ ಕೇಳಿಸುತ್ತದೆ. ಭಾವನಷ್ಟು ಕಂಠ ಇಲ್ಲ ಅವಳಿಗೆ. ಒಬ್ಬೊಬ್ಬರ ಹೆಸರೂ ಹೇಳಿ ಕಾಪಾಡು ಎಂದು ಬೇಡುತ್ತಾಳೆ: ಗಂಡ, ಸತ್ತ ತಾಯಿ, ಪಕ್ಕದ ಮನೆಯ ಕಾಯಿಲೆಯ ಹುಡುಗಿ, ಎಲೆಕ್ಟ್ರೀಷಿಯನ್‌ನ ಸಂಸಾರ. ಒಮ್ಮೊಮ್ಮೆ ಹಾಡುಗಾರ್ತಿಯ ಮಕ್ಕಳನ್ನೂ ನೆನೆಯುತ್ತಾಳೆ.

ಇಲ್ಲದ ದೇವರ ಮುಂದೆ ತನ್ನ ಹೆಸರು ಬಂದರೆಷ್ಟು ಬಿಟ್ಟರೆಷ್ಟು ಎಂದು ಅವನಿಗೆ ಗೊತ್ತು. ಆದರೂ ಸುತ್ತಿಗೆ ಬಡಿಯುವುದನ್ನು ನಿಲ್ಲಿಸಿ ತಗಡಿಗೆ ಕಿವಿ ಹಚ್ಚಿ ಕೂರುತ್ತಾನೆ. ಹೆಸರುಗಳು ಮುಗಿಯುತ್ತವೆ. ಅವನದು ಬರುವುದಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳಲ್ಲಿ ಒಂದನ್ನು ತೆಗೆದು ಅವನು ಮತ್ತೆ ಬಡಿಯತೊಡಗುತ್ತಾನೆ.